ಟವಲು ಹೊದ್ದ ಕುರ್ಚಿ

ಬೈರೇಶನಿಗೆ ಆ ಯೋಚನೆ ಬಂದದ್ದು ಒಂದು ಖಾಲಿ ಕುರ್ಚಿಯ ಮುಂದೆ ಮೂರು ಗಂಟೆ ನಿಂತಿದ್ದಾಗ. ವಾಸಸ್ಥಳದ ಪ್ರಮಾಣಪತ್ರಕ್ಕೆಂದು ಯಾವುದೋ ಕಚೇರಿಗೆ ಹೋಗಿದ್ದ. ಸಾಹೇಬರು ಇರಲಿಲ್ಲ. ಸಾಹೇಬರ ಕುರ್ಚಿ ಇತ್ತು, ಕುರ್ಚಿಯ ಬೆನ್ನಿಗೆ ಬಿಳಿ ಟರ್ಕಿ ಟವಲು ಇತ್ತು. ಆ ಟವಲಿನ ಮುಂದೆ ಹದಿನೆಂಟು ಜನ ದೇವರ ಗುಡಿಯಲ್ಲಿ ನಿಂತಂತೆ ಪಿಸುಮಾತಾಡುತ್ತ ನಿಂತಿದ್ದರು. ಒಬ್ಬನಿಗೆ ಕೆಮ್ಮು ಬಂತು. ಆತ ಅಂಗಳಕ್ಕೆ ಹೋಗಿ ಕೆಮ್ಮಿ, ಬಾಯಿ ಒರೆಸಿಕೊಂಡು ವಾಪಸು ಬಂದ.

ಕಿಟಕಿಯಾಚೆ ತೆಂಗಿನ ಗರಿಗಳು ತೂಗುವುದನ್ನು ನೋಡುತ್ತ ಅರ್ಧ ಕನಸಿಗೆ ಜಾರಿದ್ದ ಬೈರೇಶ ಅಲ್ಲೇ ಎಚ್ಚೆತ್ತ. ಅಧಿಕಾರ ಅಂದರೆ ಏನು ಎಂದು ಏಳು ವರ್ಷದಿಂದ ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದ್ದೆನಲ್ಲ, ಅದು ಇಲ್ಲಿ ಒಣಗಲು ಹಾಕಿದಂತೆ ನೇತಾಡುತ್ತಿದೆ ಅಂದುಕೊಂಡ.

ಬೈರೇಶ ತ್ಯಾಮಗೊಂಡ್ಲಿನಾಚೆಯ ಹುಣಸೇತೋಪು ಗೇಟಿನ ಸರ್ಕಾರಿ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕ. ಎಲ್ಲರೂ ಕರೆಯುವುದು ಗೆಸ್ಟು ಎಂದು. ಮನೆಗೆ ಬಂದ ಗೆಸ್ಟಿಗೆ ಮೊದಲು ಕುರ್ಚಿ ಕೊಡುತ್ತಾರೆ. ಕಾಲೇಜಿನ ಗೆಸ್ಟಿಗೆ ಕುರ್ಚಿ ಮಿಕ್ಕಿದರೆ ಕೊಡುತ್ತಾರೆ. ಸ್ಟಾಫ್ ರೂಮಿನಲ್ಲಿ ಹತ್ತು ಜನಕ್ಕೆ ಒಂಬತ್ತು ಕುರ್ಚಿ ಇದ್ದುದರಿಂದ ಬೈರೇಶ ಏಳು ವರ್ಷ ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದ. ಅವನಿಗೆ ಅದರ ಬೇಸರವೇನೂ ಇರಲಿಲ್ಲ. ಕನಸು ಕಾಣುವವರಿಗೆ ಕಿಟಕಿಗಿಂತ ಒಳ್ಳೆಯ ಪೀಠ ಇಲ್ಲ. ಹೆಂಡತಿ ರೂಪ ಹೇಳುವ ಪ್ರಕಾರ, ಇವರು ನಿದ್ದೆ ಮಾಡುವಾಗ ಮಾತ್ರ ಎಚ್ಚರವಾಗಿರುತ್ತಾರೆ; ಮಿಕ್ಕ ಹೊತ್ತೆಲ್ಲ ಕನಸೇ.

ಆದರೆ ಆ ಆಷಾಢದ ಬೆಳಿಗ್ಗೆ ಅವನ ಕನಸಿಗೂ ಒಂದು ಚಿವುಟು ಬಿತ್ತು. ದಾಖಲಾತಿಯ ಕೊನೆಯ ದಿನ. ಪ್ರಾಂಶುಪಾಲೆ ಪ್ರಮೋದಾ ಮೇಡಂ ಅವನನ್ನು ಕೋಣೆಗೆ ಕರೆಸಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದರು.

“ಬೈರೇಶ್, ನಿಮ್ಮ ಸಬ್ಜೆಕ್ಟಿಗೆ ಹನ್ನೊಂದೇ ಹೆಸರು ಬಂದಿರೋದು. ಐದು ಗಂಟೆಗೆ ಪಟ್ಟಿ ಮುಚ್ಚುತ್ತೆ. ಹದಿನೈದಾದ್ರೆ ಸಮಾಜಶಾಸ್ತ್ರನೂ ಉಳಿಯುತ್ತೆ, ನೀವೂ ಉಳೀತೀರಿ. ಹದಿನಾಲ್ಕಾದ್ರೆ ನನ್ನ ಕೈಲಿ ಏನೂ ಇಲ್ಲ.”

ಮೇಡಂ ಕೆಟ್ಟವರಲ್ಲ. ಕಂಪ್ಯೂಟರು ಗಂಟೆಗೊಮ್ಮೆ ಸಂಖ್ಯೆ ಕೇಳುತ್ತಿತ್ತು, ಅವರು ಗಂಟೆಗೊಮ್ಮೆ ತುಂಬುತ್ತಿದ್ದರು. ಅದು ಹಸಿದ ಕರುವಿಗೆ ಹುಲ್ಲು ಹಾಕಿದ ಹಾಗೆ.

ಹೊಸ ಮಕ್ಕಳು ಆಯ್ಕೆ ಮಾಡಿಕೊಳ್ಳಲೆಂದು ಅವತ್ತು ಪ್ರತಿ ವಿಷಯಕ್ಕೂ ಒಂದು ಪರಿಚಯದ ತರಗತಿ ಇತ್ತು. ವಾಣಿಜ್ಯಕ್ಕೆ ಸ್ಮಾರ್ಟ್ ಬೋರ್ಡಿನ ಕೋಣೆ ಸಿಕ್ಕಿತ್ತು. ಕಂಪ್ಯೂಟರಿಗೆ ಎ.ಸಿ. ಕೋಣೆ. ಸಮಾಜಶಾಸ್ತ್ರಕ್ಕೆ ಅಂಗಳದ ಹೊಂಗೆ ಮರ. ಬೈರೇಶನಿಗೆ ಬೇಕಾಗಿದ್ದುದೂ ಅದೇ. ಉಗ್ರಾಣದಿಂದ ಒಂದು ಹಳೆಯ ಕೈಕುರ್ಚಿಯನ್ನು ತಂದು ಮರದಡಿ ಇಟ್ಟ. ಕುಂಟುತ್ತಿದ್ದ ಕಾಲಿಗೆ ಕಲ್ಲು ಕೊಟ್ಟ. ಭಾವಮೈದುನನ ಗೃಹಪ್ರವೇಶದಲ್ಲಿ ಬಂದಿದ್ದ, ಬೇರೆ ಯಾರಿಗಾದರೂ ಮುಯ್ಯಿ ಮಾಡಲು ರೂಪ ಎತ್ತಿಟ್ಟಿದ್ದ ಬಿಳಿ ಟವಲನ್ನು ಬ್ಯಾಗಿನಿಂದ ತೆಗೆದು, ಕೊಡವಿ, ಕುರ್ಚಿಯ ಬೆನ್ನಿಗೆ ಹೊದಿಸಿದ.

ಬಂದಿದ್ದವರು ಹನ್ನೆರಡು ಮಂದಿ. ಅವರನ್ನು ಎದುರಿನ ಜಗುಲಿಯಲ್ಲಿ ಸಾಲಾಗಿ ಕೂರಿಸಿ, “ನಾನು ಪಾಠ ಮಾಡಲ್ಲ. ಕುರ್ಚಿ ಮಾಡುತ್ತೆ. ನೀವು ಸುಮ್ಮನೆ ನೋಡಿ, ಕಂಡದ್ದನ್ನ ಬರ್ಕೊಳಿ,” ಎಂದ.

ಪ್ರಿಯಾಂಕ ಎಂಬ ಹುಡುಗಿ ಪೆನ್ನಿನ ಕ್ಯಾಪು ಕಚ್ಚುತ್ತ ಕೂತಿದ್ದಳು. ಅವಳು ವಾಣಿಜ್ಯ ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದವಳು. ಸ್ಮಾರ್ಟ್ ಬೋರ್ಡಿಗೆ ಇನ್ನೂ ಹೊತ್ತಿದೆಯಲ್ಲ ಎಂದು ಇಲ್ಲಿ ಕೂತಿದ್ದಳು ಅಷ್ಟೆ.

ಆಷಾಢದ ಗಾಳಿ ತೆಂಗಿನ ತೋಟಗಳನ್ನು ಸವರಿಕೊಂಡು ಬಂದು ಹೊಂಗೆಯ ನೆರಳನ್ನು ನೆಲದ ಮೇಲೆ ಮೆಲ್ಲಗೆ ಅಲುಗಿಸುತ್ತಿತ್ತು. ಟವಲಿನ ಒಂದು ತುದಿ ಎದ್ದು ಬಿದ್ದು ಮಾಡುತ್ತಿತ್ತು, ಯಾರನ್ನೋ ಹತ್ತಿರ ಕರೆದಂತೆ.

ಮೊದಲು ಬಂದದ್ದು ಕೊನೆಯ ವರ್ಷದ ಇಬ್ಬರು. ಹೆಗಲ ಮೇಲೆ ಕೈ, ಕೈಯಲ್ಲಿ ಫೋನು, ಫೋನಿನಲ್ಲಿ ಊರಿಗೆಲ್ಲ ಕೇಳುವ ಹಾಡು. ಕುರ್ಚಿ ಕಂಡದ್ದೇ ಹಾಡು ಸಣ್ಣದಾಯಿತು. ನಾಲ್ಕು ಹೆಜ್ಜೆ ಕಳೆದ ಮೇಲೆ ಹೆಗಲ ಮೇಲಿನ ಕೈ ಇಳಿಯಿತು. ಇನ್ನೂ ನಾಲ್ಕು ಹೆಜ್ಜೆ ಕಳೆದ ಮೇಲೆ ಒಬ್ಬ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಜಗುಲಿಯಲ್ಲಿ ಕಿಸಕ್ಕನೆ ನಗು ಹರಿಯಿತು. ಮೂರು ಮಂದಿ ಎದ್ದು ಬಂದು, ಇದು ಸಬ್ಜೆಕ್ಟು ಅಂದರೆ ನಮಗೂ ಇರಲಿ ಎಂದು ಹೆಸರು ಬರೆಸಿದರು. ಹದಿನಾಲ್ಕಾಯಿತು.

ಹನ್ನೊಂದೂವರೆಗೆ ಅಟೆಂಡರ್ ಗೋಪಾಲಪ್ಪ ಬಂದ. ಹಲ್ಲುನೋವೆಂದು ಬೆಳಿಗ್ಗೆ ತ್ಯಾಮಗೊಂಡ್ಲಿನ ಡಾಕ್ಟರ ಹತ್ತಿರ ಹೋಗಿದ್ದವನಿಗೆ ಈ ಪಾಠದ ಸುದ್ದಿ ಗೊತ್ತಿರಲಿಲ್ಲ. ಒಂದು ಕೆನ್ನೆ ಬಾಯಲ್ಲಿ ಕಡುಬು ಇಟ್ಟುಕೊಂಡಂತೆ ಉಬ್ಬಿತ್ತು. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಹದಿನಾಲ್ಕು ಪ್ರಾಂಶುಪಾಲರನ್ನು ನೋಡಿದವನು ಅವನು. ಅವನಿಗೆ ತಿಳಿಯದೆ ಈ ಅಂಗಳಕ್ಕೆ ಯಾವ ಅಧಿಕಾರಿಯೂ ಬಂದದ್ದಿಲ್ಲ. ಈಗ ಮರದಡಿ ಟವಲು. ಯಾರೆಂದು ಕೇಳಿದರೆ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ. ಅದಕ್ಕೆ ಗೋಪಾಲಪ್ಪ ಏನನ್ನೂ ಕೇಳಲಿಲ್ಲ. ಒಳಗೆ ಹೋಗಿ ಒಂದು ಮೇಜು ಹೊತ್ತು ತಂದ. ಮೇಜಿನ ಮೇಲೆ ನೀರಿನ ಲೋಟ, ಲೋಟಕ್ಕೆ ಮುಚ್ಚಳ, ಮುಚ್ಚಳದ ಪಕ್ಕ ಒತ್ತುವ ಗಂಟೆ. ಆಮೇಲೆ ಕುರ್ಚಿಗೆ ಒಂದು ಮಾರು ದೂರದಲ್ಲಿ ಕೈಕಟ್ಟಿ ನಿಂತ.

ದಾರಿಹೋಕನೊಬ್ಬ ಗೇಟಿನಿಂದಲೇ ಇಣುಕಿ, ಯಾರಣ್ಣ ಎಂದ.

“ಸಾಹೇಬ್ರು ಮೀಟಿಂಗಲ್ಲವ್ರೆ,” ಎಂದ ಗೋಪಾಲಪ್ಪ. ಅರ್ಧ ಮೂಗಿನಿಂದ, ಅರ್ಧ ಮುಗಿಲಿನಿಂದ ಬರುವ ಆ ದನಿಯನ್ನು ಅವನು ಹದಿನಾಲ್ಕು ಪ್ರಾಂಶುಪಾಲರಿಂದ ಸ್ವಲ್ಪ ಸ್ವಲ್ಪ ಸಂಪಾದಿಸಿದ್ದ.

ಜಗುಲಿಯಲ್ಲಿ ಬೈರೇಶ ಪುಳಕಗೊಂಡ. ಕುರ್ಚಿಗೆ ಮೇಜು ಬಂತು, ನೀರು ಬಂತು, ಈಗ ಮೀಟಿಂಗೂ ಬಂತು. ಇಲ್ಲದ ಮನುಷ್ಯನಿಗೆ ಇಷ್ಟು ಕೆಲಸ ಇರುವುದನ್ನು ಅವನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಬಸ್ಸಿಗೆ ಕಾಯುತ್ತಿದ್ದ ಅಮ್ಮಯಮ್ಮ ಎಂಬ ಮುದುಕಿಗೂ ರಸ್ತೆಯಿಂದಲೇ ಟವಲು ಕಂಡಿತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದ ಹಿಡಿದುಕೊಂಡು ಬಂದು, ಚಪ್ಪಲಿ ಗೇಟಿನ ಹತ್ತಿರವೇ ಬಿಟ್ಟು, ಬಿಸಿಲಿನಲ್ಲಿ ನೆಲದ ಮೇಲೆ ಕೂತಳು. ಅವಳ ಕತೆ ಇಷ್ಟು: ಕಂಪ್ಯೂಟರಿನಲ್ಲಿ ಅವಳು ಹೋದ ವರ್ಷವೇ ತೀರಿಕೊಂಡಿದ್ದಳು. ಆವತ್ತಿನಿಂದ ವೃದ್ಧಾಪ್ಯ ವೇತನ ನಿಂತಿತ್ತು. ಬದುಕಿದ್ದಾಳೆ ಎಂದು ದೊಡ್ಡ ಅಧಿಕಾರಿ ಯಾರಾದರೂ ಬರೆದು ಸಹಿ ಹಾಕಬೇಕಂತೆ. ಇದನ್ನೆಲ್ಲ ಅವಳು ಯಾರನ್ನೂ ನೋಡದೆ, ಟವಲಿಗೇ ಹೇಳಿದಳು.

ಪ್ರಿಯಾಂಕನಿಗೆ ತಡೆಯಲಾಗಲಿಲ್ಲ. ಇಳಿದು ಬಂದು, ನೆರಳಿನಲ್ಲಿ ಕಲ್ಲುಬೆಂಚು ಇದೆ, ಅಲ್ಲಿ ಕೂತ್ಕೊ ಅಜ್ಜಿ ಎಂದಳು.

“ಬ್ಯಾಡ ಕಣವ್ವ. ಟವಲ್ ಮುಂದೆ ಬೆಂಚ್ ಮ್ಯಾಲ್ ಕುಂತ್ರೆ ನನ್ ಕಾಗ್ದ ಯಾರ್ ನೋಡ್ತಾರೆ?”

“ಅಲ್ಲಿ ಯಾರೂ ಇಲ್ವಲ್ಲಜ್ಜಿ.”

“ಇರೋರು ಯಾವತ್ ಇದ್ರು ತಾಯಿ,” ಎಂದಳು ಅಮ್ಮಯಮ್ಮ, ತೀರ ಸಹಜವಾಗಿ.

ಪ್ರಿಯಾಂಕ ಜಗುಲಿಗೆ ವಾಪಸು ಬಂದು ಅಜ್ಜಿಯ ಮಾತನ್ನು ಹಾಗೇ ಬರೆದುಕೊಂಡಳು. ಆಮೇಲೆ ಎದ್ದು ಬಂದು, ನನ್ನ ಹೆಸರೂ ಹಾಕಿಕೊಳ್ಳಿ ಸಾರ್, ಮನೆಯಲ್ಲಿ ನಾನು ಹೇಳುತ್ತೇನೆ ಎಂದಳು.

ಹದಿನೈದು.

ಬೈರೇಶ ಆಗಲೇ ಟವಲು ಮಡಚಿ ಬ್ಯಾಗಿಗೆ ಹಾಕಿಕೊಂಡು, ಪಟ್ಟಿಯನ್ನು ಮೇಡಂಗೆ ಕೊಟ್ಟು, ಮನೆಗೆ ಹೋಗಿ ಊಟ ಮಾಡಿ ಮಲಗಬೇಕಿತ್ತು. ಬೇರೆ ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು. ಆದರೆ ಗಾಳಿ ಹಿತವಾಗಿತ್ತು. ಗರಿಗಳು ಸುಂಯ್ಯೆನ್ನುತ್ತಿದ್ದವು. ಅವನ ಕಣ್ಣ ಮುಂದೆ ಒಂದು ದೊಡ್ಡ ಸಭಾಂಗಣ ತೇಲಿ ಬಂತು. ಅದರ ತುಂಬ ಮಕ್ಕಳು, ಮಕ್ಕಳ ಕೈಯಲ್ಲೆಲ್ಲ ನೋಟ್‌ಬುಕ್ಕು, ಎಲ್ಲರೂ ಜಗತ್ತನ್ನು ಮೊದಲ ಸಲ ನೋಡುತ್ತಿರುವಂತೆ ನೋಡುತ್ತಿದ್ದಾರೆ. ಇನ್ನೊಂದು ಅರ್ಧ ಗಂಟೆ ಇರಲಿ ಅಂದುಕೊಂಡ.

ಆ ಅರ್ಧ ಗಂಟೆಯಲ್ಲಿ ಬುಲೆಟ್ಟಿನ ಸದ್ದು ಕೇಳಿಸಿತು.

ಮುನಿವೆಂಕಟಪ್ಪ ಕಾಲೇಜು ಅಭಿವೃದ್ಧಿ ಸಮಿತಿಯ ಹಿರಿಯರು. ಕಾಲೇಜು ನಿಂತಿರುವ ಜಾಗ ಅವರ ತಾತ ಕೊಟ್ಟದ್ದು. ಅದನ್ನು ಅವರು ಹೇಳದೆ ಒಂದು ಲೋಟ ನೀರನ್ನೂ ಕುಡಿಯುವವರಲ್ಲ. ಸುತ್ತ ಏಳು ಹಳ್ಳಿಯಲ್ಲಿ ಅವರು ಎದುರು ಬಂದರೆ ಗಂಡಸರು ಎತ್ತಿ ಕಟ್ಟಿದ ಪಂಚೆ ಇಳಿಸುತ್ತಾರೆ; ಅವರ ಪಂಚೆ ಇಳಿದದ್ದನ್ನು ಕಂಡವರು ಯಾರೂ ಇಲ್ಲ. ಮೊಣಕಾಲಿನ ಮೇಲೆ ನಿಂತ ಆ ಪಂಚೆ ಆ ಸೀಮೆಯ ಬಾವುಟವಿದ್ದ ಹಾಗೆ.

ಬುಲೆಟ್ಟು ನಿಂತಿತು. ಮುನಿವೆಂಕಟಪ್ಪ ಕುರ್ಚಿಯನ್ನು ನೋಡಿದರು. ಟವಲನ್ನು ನೋಡಿದರು. ಗೋಪಾಲಪ್ಪನ ಹತ್ತಿರ ಬಗ್ಗಿದರು.

“ಯಾರ್ಲಾ ಬಂದಿರೋದು?”

“ಬೆಂಗ್ಳೂರಿಂದಣ್ಣ.”

“ಯಾವ್ ಇಲಾಖೆ?”

ಗೋಪಾಲಪ್ಪ ಸ್ವಲ್ಪ ಯೋಚಿಸಿ, “ದೊಡ್ಡೋರು,” ಎಂದ.

ತನಗೆ ಹೇಳದೆ ದೊಡ್ಡವರು ಬಂದಿದ್ದಾರೆ ಎಂದರೆ ತನ್ನ ಮೇಲೆಯೇ ಬಂದಿರಬೇಕು ಎಂದು ಮುನಿವೆಂಕಟಪ್ಪನವರಿಗೆ ಅನ್ನಿಸಿತೋ ಏನೋ. ಅವರ ಎರಡೂ ಕೈಗಳು ತಾವಾಗಿ ಸೊಂಟಕ್ಕೆ ಹೋದವು. ಪಂಚೆ ನಿಧಾನವಾಗಿ, ಸಂಜೆ ಬಾವುಟ ಇಳಿದಂತೆ, ಪಾದದವರೆಗೆ ಇಳಿಯಿತು.

ಆ ಊರಿನ ಮಕ್ಕಳು ಗ್ರಹಣ ನೋಡಿದ್ದರು, ಚುನಾವಣೆ ನೋಡಿದ್ದರು, ಇದನ್ನು ನೋಡಿರಲಿಲ್ಲ. ಸ್ಮಾರ್ಟ್ ಬೋರ್ಡಿನ ಕೋಣೆಯ ಕಿಟಕಿಯಲ್ಲಿ ಒಂದು ತಲೆ ಕಂಡಿತು, ಆಮೇಲೆ ಆರು. ಹತ್ತು ನಿಮಿಷದಲ್ಲಿ ವಾಣಿಜ್ಯದ ಬೋರ್ಡು ಮಾತ್ರ ಸ್ಮಾರ್ಟಾಗಿ ಒಳಗೆ ಉಳಿಯಿತು, ಮಕ್ಕಳೆಲ್ಲ ಜಗುಲಿಗೆ ಬಂದರು. ಇದೇನಾ ಸಾರ್ ಸಬ್ಜೆಕ್ಟು, ನೋಡಿಕೊಂಡು ಬರೆಯೋದು ಅಷ್ಟೇನಾ ಎಂದು ಕೇಳಿ ಕೇಳಿ ಹೆಸರು ಬರೆಸಿದರು. ಇಪ್ಪತ್ತಾಯಿತು, ಇಪ್ಪತ್ತಾರಾಯಿತು. ಸಂಖ್ಯೆ ಏರಿದಂತೆಲ್ಲ ಒಬ್ಬ ಹುಡುಗ ಓಡಿಹೋಗಿ ಮೇಡಂಗೆ ಹೇಳಿ ಬರುತ್ತಿದ್ದ.

ಮುನಿವೆಂಕಟಪ್ಪ ತೋಟಕ್ಕೆ ಫೋನು ಮಾಡಿ ಒಂದು ಗೊನೆ ಎಳನೀರು ತರಿಸಿದರು. ನೆರಳಿನ ನಡುವೆ ನಿಂತರು. ಎಳನೀರು ಹೊತ್ತು ಬಂದ ಅವರ ಕಡೆಯವರು ನೆರಳಿನ ಅಂಚಿನಲ್ಲಿ ನಿಂತರು. ಗೋಪಾಲಪ್ಪ ಅರ್ಧ ನೆರಳು, ಅರ್ಧ ಬಿಸಿಲಿನಲ್ಲಿ. ಅಮ್ಮಯಮ್ಮ ಪೂರ್ತಿ ಬಿಸಿಲಿನಲ್ಲಿ. ಹೀಗೆ ನಿಲ್ಲಿ ಎಂದು ಯಾರಿಗೂ ಯಾರೂ ಹೇಳಿರಲಿಲ್ಲ. ಹೊತ್ತು ತಿರುಗಿ ಹೊಂಗೆಯ ನೆರಳು ಒಂದು ಗೇಣು ಸರಿದಾಗ ಸಾಲಿಗೆ ಸಾಲೇ ಅದರ ಜೊತೆ ಸರಿಯಿತು. ಒಮ್ಮೆ ನೆರಳೇ ತಪ್ಪಿ ಅಮ್ಮಯಮ್ಮನ ಮೇಲೆ ಬಿತ್ತು. ಅವಳು ಗಾಬರಿಯಾದವಳಂತೆ ಎದ್ದು, ಒಂದು ಮೊಳ ಆಚೆ ಹೋಗಿ, ಮತ್ತೆ ಬಿಸಿಲಿನಲ್ಲಿ ಕೂತಳು.

ಪ್ರಿಯಾಂಕ ಅದನ್ನು ಬರೆದುಕೊಂಡು, ಬರೆದದ್ದರ ಕೆಳಗೆ ಎರಡು ಗೆರೆ ಎಳೆದಳು.

ಒಂದು ಗಂಟೆಯಾಯಿತು. ಖಾಲಿ ಕುರ್ಚಿಯ ಮುಂದೆ ಕೈಮುಗಿದು ನಿಂತು ಮುನಿವೆಂಕಟಪ್ಪನವರ ಮಂಡಿ ನೋಯತೊಡಗಿತು. ಅಷ್ಟೊತ್ತು ನಡೆಯುವ ಮೀಟಿಂಗು ಎಲ್ಲಿ ಎಂದು ಅವರು ಕೇಳಿದರು. ಒಳಗೆ, ಎಂದ ಗೋಪಾಲಪ್ಪ. ಒಳಗೆ ಹೋಗಿ ಬಂದ ಅವರ ಕಡೆಯವನೊಬ್ಬ, ಒಳಗೆ ಮೇಡಂ ಒಬ್ಬರೇ ಕಂಪ್ಯೂಟರ್ ಮುಂದೆ ಮೊಸರನ್ನ ತಿನ್ನುತ್ತಿದ್ದಾರೆ ಎಂದ.

ಅಲ್ಲಿಗೆ ಬೈರೇಶ ಕನಸಿನಿಂದ ಕೆಳಗೆ ಬಿದ್ದ. ಈಗ ನಿಜ ಹೇಳಿದರೆ ಏನಾಗುತ್ತದೆ? ಮುನಿವೆಂಕಟಪ್ಪ ರೂಪನ ಟವಲಿಗೆ ಪಂಚೆ ಇಳಿಸಿದರು ಎಂಬ ಸುದ್ದಿ ಸಂಜೆಯೊಳಗೆ ನೆಲಮಂಗಲ ಮುಟ್ಟುತ್ತದೆ. ನಾಳೆ ಸಮಿತಿ ಸೇರುತ್ತದೆ. ಪಟ್ಟಿಯಲ್ಲಿ ಎಷ್ಟು ಹೆಸರಿದ್ದರೇನು, ಅವನ ಹೆಸರು ಇರುವುದಿಲ್ಲ. ಹೇಳದೆ ಇದ್ದರೆ ಇನ್ನರ್ಧ ಗಂಟೆಯಲ್ಲಿ ಅವರಿಗೇ ಗೊತ್ತಾಗುತ್ತದೆ. ಉಳಿದಿದ್ದು ಒಂದೇ ದಾರಿ. ಆ ಕುರ್ಚಿಯಲ್ಲಿ ಯಾರಾದರೂ ಕೂರಬೇಕು.

ಬೈರೇಶ ತಾನೇ ಹೋಗಿ ಕೂತ.

ಎರಡು ಕ್ಷಣ ಎಲ್ಲ ಚೆನ್ನಾಗಿತ್ತು. ಟವಲು ಬೆನ್ನಿಗೆ ಮೆತ್ತಗಿತ್ತು. ಅಲ್ಲಿಂದ ನೋಡಿದರೆ ಗರಿಗಳು ತನಗಾಗಿಯೇ ಬೀಸುತ್ತಿವೆ ಅನ್ನಿಸುತ್ತಿತ್ತು. ಜನ ಕೊಂಚ ಕುಳ್ಳಗೆ ಕಾಣುತ್ತಿದ್ದರು, ದೂರದಲ್ಲಿ ಬಸ್ಸಿನ ಹಾರ್ನು ಕೂಡ ವಿನಯವಾಗಿ ಕೇಳುತ್ತಿತ್ತು. ಮೂರನೆಯ ಕ್ಷಣಕ್ಕೆ ಗೋಪಾಲಪ್ಪನ ಕೈ ಅವನ ರಟ್ಟೆಯ ಮೇಲಿತ್ತು.

“ಏ ಗೆಸ್ಟು, ಏಳ್ರೀ ಮ್ಯಾಕೆ. ಸಾಹೇಬ್ರು ನೋಡಿದ್ರೆ ನನ್ ಕೆಲ್ಸ ಹೋಯ್ತದೆ.”

“ಏನಪ್ಪಾ ಮೇಷ್ಟ್ರೇ,” ಎಂದರು ಮುನಿವೆಂಕಟಪ್ಪ, “ಟವಲ್ ಕಂಡ್ಬುಟ್ಟು ಆಸೆ ಆಯ್ತಾ?”

ಎಲ್ಲರೂ ನಕ್ಕರು. ಸತ್ತುಹೋಗಿದ್ದ ಅಮ್ಮಯಮ್ಮನೂ ನಕ್ಕಳು. ಜಗುಲಿಯಲ್ಲಿ ಮಕ್ಕಳು ನಗದೆ ಬರೆದುಕೊಂಡರು. ಬೈರೇಶ ಎದ್ದು ಬಂದ. ಅವಮಾನವಾಗಿತ್ತು ನಿಜ, ಆದರೆ ಅವಮಾನದ ಒಳಗೇ ಒಂದು ಮೂಲೆಯಲ್ಲಿ ಅವನಿಗೆ ಖುಷಿಯೂ ಆಗಿತ್ತು: ಖಾಲಿ ಕುರ್ಚಿಗೆ ಸಿಕ್ಕ ಮರ್ಯಾದೆ ತಾನು ಕೂತ ತಕ್ಷಣ ಹೋಯಿತಲ್ಲ. ಪಾಠದ ಎರಡನೆಯ ಭಾಗ ಇಷ್ಟು ಚೆನ್ನಾಗಿ ಬರುತ್ತದೆ ಎಂದು ಅವನು ಎಣಿಸಿರಲಿಲ್ಲ. ಸರಿ, ನಿಜ ಹೇಳಿಯೇ ಬಿಡೋಣ ಎಂದು ಬಾಯಿ ತೆರೆದ.

ಅಷ್ಟರಲ್ಲಿ ಗೇಟಿನ ಹತ್ತಿರ ನೆಲಮಂಗಲದ ಬಸ್ಸು ನಿಂತಿತು. ಇಳಿದವರು ಒಬ್ಬರೇ. ಐವತ್ತೈದರ ವಯಸ್ಸು, ಬಿಳಿ ಅಂಗಿ, ಮುಂದೆ ನಡೆಯುವ ಹೊಟ್ಟೆ, ಕಂಕುಳಲ್ಲಿ ಚರ್ಮದ ಬ್ಯಾಗು. ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದರು. ನೆರಳು ಕಂಡಿತು, ನೆರಳಿನಲ್ಲಿ ಕುರ್ಚಿ ಕಂಡಿತು. ಯಾರನ್ನೂ ಏನನ್ನೂ ಕೇಳದೆ ಹೋಗಿ ಕೂತು, ಅಮ್ಮಾ ಎಂದು ಬೆನ್ನು ಒರಗಿಸಿದರು.

ಗೋಪಾಲಪ್ಪ ಲೋಟದ ಮುಚ್ಚಳ ತೆಗೆದ. ಮುನಿವೆಂಕಟಪ್ಪ ಎಳನೀರು ಹಿಡಿದು ಬಗ್ಗಿದರು. ನಿಂತು ಸಾಕಾಗಿ ಕಲ್ಲುಬೆಂಚಿನ ಹತ್ತಿರ ಕೂತಿದ್ದ ಅವರ ಕಡೆಯವರೆಲ್ಲ ಎದ್ದು ನಿಂತರು.

ಬಂದವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಒಂದು ಗಳಿಗೆ ಅವರ ಮುಖದಲ್ಲಿ ಅಚ್ಚರಿ ಸುಳಿಯಿತು. ಜಗುಲಿಯ ತುಂಬ ನೋಟ್‌ಬುಕ್ಕು ಹಿಡಿದು ಕೂತ ಮಕ್ಕಳನ್ನು ಕಂಡು ಅದು ಮುಗುಳ್ನಗೆಯಾಯಿತು. ಎಳನೀರು ತೆಗೆದುಕೊಂಡು ಎರಡು ಗುಟುಕು ಹೀರಿ, “ಹೂಂ. ಹೇಳಿ,” ಎಂದರು.

ಆ ‘ಹೂಂ’ ಕೇಳಿದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಅದನ್ನು ನಕಲು ಮಾಡಬಹುದು, ಆದರೆ ಆ ಹೊಟ್ಟೆಯಿಲ್ಲದೆ ಅದು ಬರುವುದಿಲ್ಲ. ತನ್ನ ತಾತ ಜಾಗ ಕೊಟ್ಟ ಸಂಗತಿಯಿಂದ ಶುರುಮಾಡಿ ಮುನಿವೆಂಕಟಪ್ಪ ತಮ್ಮ ತೋಟದ ತನಕ ಟಾರು ಬೇಕು ಎಂದರು. ನೋಡೋಣ ಎಂದರು ಸಾಹೇಬರು. ಇನ್ನೊಬ್ಬ ಚರಂಡಿ ಎಂದ. ಬರೆದು ಕೊಡಿ ಎಂದರು. ಮತ್ತೊಬ್ಬ ಏನು ಕೇಳಬೇಕೆಂದು ತೋಚದೆ ಸುಮ್ಮನೆ ಕೈಮುಗಿದ. ಅದಕ್ಕೂ ನೋಡೋಣ ಎಂದರು. ನಡುನಡುವೆ ಫೋನು ತೆಗೆದು ಬೆರಳಿನಿಂದ ಒತ್ತುತ್ತಿದ್ದರು. ಮೇಲಿನೋರಿಗೆ ಮೆಸೇಜ್ ಹಾಕ್ತಾವ್ರೆ ಎಂದು ಮುನಿವೆಂಕಟಪ್ಪ ಪಕ್ಕದವನ ಕಿವಿಯಲ್ಲಿ ಹೇಳಿದರು. ಅದು ಸುಳ್ಳೂ ಆಗಿರಲಿಲ್ಲ.

ಕೊನೆಗೆ ಸಾಹೇಬರು, ಬಿಸಿಲಿನಲ್ಲಿ ಕೂತಿರುವ ಆ ತಾಯಿಯನ್ನು ಕರೆಯಿರಿ ಎಂದರು. ಅಮ್ಮಯಮ್ಮ ಕಾಗದ ಚಾಚಿದಳು. ಅದನ್ನು ಮಾತ್ರ ಅವರು ಮೇಲಿನಿಂದ ಕೆಳಗಿನವರೆಗೆ ಓದಿದರು.

“ಅಮ್ಮಯಮ್ಮ ಅಂದ್ರೆ ನೀವೇನಾ?”

“ನಾನೇ ಸಾಮಿ. ಬ್ಯಾರೆ ಯಾರ್ ಬತ್ತಾರೆ ನಾನಾಗಕ್ಕೆ?”

ಅವರು ಬ್ಯಾಗಿನಿಂದ ಹಸಿರು ಪೆನ್ನು ತೆಗೆದರು. ಇವರು ನನ್ನೆದುರು ಹಾಜರಾಗಿದ್ದಾರೆ, ಜೀವಂತವಾಗಿದ್ದಾರೆ ಎಂದು ಬರೆದು ಸಹಿ ಹಾಕಿದರು. ಆಮೇಲೆ ಬ್ಯಾಗಿನಿಂದಲೇ ಮೊಹರು ತೆಗೆದು ಅದಕ್ಕೆ ಒತ್ತಿದರು. ಅಮ್ಮಯಮ್ಮ ಕಾಗದವನ್ನು ಬಿಸಿಲಿಗೆ ಹಿಡಿದು ಆರಿಸುತ್ತ, ತಾನು ಬದುಕಿರುವುದು ಇಷ್ಟು ಹಸಿರಾಗಿರುತ್ತದೆ ಎಂದು ಗೊತ್ತಿರಲಿಲ್ಲ ಎನ್ನುವಂತೆ ನೋಡಿದಳು. ಆಮೇಲೆ, ಯಾರೂ ಹೇಳದೆ, ಹೋಗಿ ಕಲ್ಲುಬೆಂಚಿನ ಮೇಲೆ ಕೂತಳು.

ಹಸಿರು ಶಾಯಿ, ಮೊಹರು. ಇವರು ನಿಜವಾದ ಗೆಜೆಟೆಡ್ ಅಧಿಕಾರಿಯೇ ಎಂದುಕೊಂಡ ಬೈರೇಶ. ತನ್ನ ಕುರ್ಚಿ ಕರೆದದ್ದಕ್ಕೆ ಎಲ್ಲಿಂದಲೋ ಒಬ್ಬರು ಬಂದೇ ಬಿಟ್ಟರು. ಮುನಿವೆಂಕಟಪ್ಪನವರ ಮಾನ ಉಳಿಯಿತು, ಗೋಪಾಲಪ್ಪನ ಮೀಟಿಂಗು ಉಳಿಯಿತು, ಮುದುಕಿಯ ಪ್ರಾಣ ಉಳಿಯಿತು, ತನ್ನ ಕೆಲಸವೂ ಉಳಿಯಿತು. ಇಷ್ಟು ಸಲೀಸಾಗಿ ಎಲ್ಲವೂ ಕೂಡಿ ಬರುವುದು ಕನಸಿನಲ್ಲಿ ಮಾತ್ರ ಎಂದು ಅವನಿಗೆ ಅನುಮಾನ ಬರಬೇಕಿತ್ತು. ಕನಸುಗಾರರಿಗೆ ಆ ಅನುಮಾನ ಬರುವುದಿಲ್ಲ, ಅದೇ ಅವರ ತಾಪತ್ರಯ.

ಸಾಹೇಬರು ಎದ್ದು, ಪ್ರಾಂಶುಪಾಲರ ಕೋಣೆ ಯಾವುದು ಎಂದು ಕೇಳಿ ಒಳಗೆ ಹೋದರು. ಅವರ ಹಿಂದೆ ಗೋಪಾಲಪ್ಪ ಬ್ಯಾಗು ಹಿಡಿದು ನಡೆದ. ಅಂಗಳ ಬರಿದಾಯಿತು. ಬೈರೇಶ ಟವಲು ಮಡಚಿಕೊಂಡು ಜಗುಲಿಯಲ್ಲಿ ಪಾಠ ಶುರುಮಾಡಿದ. ಮಕ್ಕಳು ಬರೆದದ್ದನ್ನು ಒಬ್ಬೊಬ್ಬರಾಗಿ ಓದಿಸಿದ. ನಾವು ದಿನಾ ಹೀಗೇ ನಿಲ್ತೀವಲ್ವಾ ಸಾರ್ ಎಂದು ಒಬ್ಬ ಕೇಳಿದ. ಹೌದಪ್ಪ, ಅದನ್ನು ಕಾಣೋದಕ್ಕೆ ಇರುವ ಕನ್ನಡಕದ ಹೆಸರೇ ಸಮಾಜಶಾಸ್ತ್ರ ಎಂದ ಬೈರೇಶ. ಆ ಮಧ್ಯಾಹ್ನ ಅವನ ದನಿ ಅವನಿಗೇ ಚೆಂದ ಕೇಳಿಸಿತು. ಪಟ್ಟಿ ನಲವತ್ತಮೂರಕ್ಕೆ ನಿಂತಿತು.

ಐದಕ್ಕೆ ಮುಕ್ಕಾಲು ಗಂಟೆ ಮುಂಚೆಯೇ ಪಟ್ಟಿ ಹಿಡಿದು ಅವನು ಪ್ರಾಂಶುಪಾಲರ ಕೋಣೆಗೆ ಹೋದ. ನಲವತ್ತಮೂರು ಎಂದರೆ ಎರಡು ಸೆಕ್ಷನ್ನು. ಎರಡು ಸೆಕ್ಷನ್ನೆಂದರೆ ಎರಡರಷ್ಟು ಪಾಠ. ಸ್ಟಾಫ್ ರೂಮಿನಲ್ಲಿ ಹತ್ತನೆಯ ಕುರ್ಚಿ ಕೇಳಬಹುದು.

ಒಳಗೆ ಸಾಹೇಬರು ಕೂತು ಟೀ ಕುಡಿಯುತ್ತಿದ್ದರು. ಪ್ರಮೋದಾ ಮೇಡಂ ಅವನನ್ನು ಕಂಡು ಕಂಪ್ಯೂಟರಿನಿಂದ ಕಣ್ಣು ತೆಗೆದರು.

“ಕೂತ್ಕೊಳಿ ಬೈರೇಶ್.”

ಏಳು ವರ್ಷದಲ್ಲಿ ಆ ಕೋಣೆಯಲ್ಲಿ ಅವನಿಗೆ ಯಾರೂ ಕೂರಲು ಹೇಳಿರಲಿಲ್ಲ. ಬೈರೇಶನಿಗೆ ಮೊದಲ ಸಲ ಭಯವಾಯಿತು.

“ಇವ್ರು ಡಾಕ್ಟರ್ ಅಮರನಾರಾಯಣ ಅಂತ. ಪ್ರೊಫೆಸರು. ಸಮಾಜಶಾಸ್ತ್ರನೇ,” ಎಂದರು ಮೇಡಂ. ಸ್ವಲ್ಪ ತಡೆದು ಸೇರಿಸಿದರು, “ಪರ್ಮನೆಂಟು.”

ಮಿಕ್ಕದ್ದನ್ನು ಅಮರನಾರಾಯಣ ಅವರೇ ಹೇಳಿದರು, ಸಂಕೋಚದಿಂದ, ಟೀ ಕಪ್ಪು ತಿರುಗಿಸುತ್ತ. ಅವರ ಮನೆ ನೆಲಮಂಗಲದಲ್ಲಿ, ಕೆಲಸ ಎಲ್ಲೋ ದೂರದ ಜಿಲ್ಲೆಯಲ್ಲಿ. ಆರು ವರ್ಷದಿಂದ ವರ್ಗಾವಣೆಗೆ ಕಾಯುತ್ತಿದ್ದರು. ಇವತ್ತು ಅದರ ಕೊನೆಯ ದಿನ. ವಾರಕ್ಕೆ ಹದಿನಾರು ಗಂಟೆ ಪಾಠ ಇರುವ ಕಾಲೇಜಿಗೆ ಮಾತ್ರ ಪರ್ಮನೆಂಟಿನವರು ಬರಬಹುದು. ಮನೆಗೆ ಹತ್ತಿರವಿರುವ ಕಾಲೇಜುಗಳನ್ನೆಲ್ಲ ಬೆಳಿಗ್ಗೆಯಿಂದ ಬಸ್ಸಿನಲ್ಲಿ ಸುತ್ತುತ್ತಿದ್ದರು. ಎಲ್ಲ ಕಡೆ ಹತ್ತು, ಹನ್ನೆರಡು, ಹದಿನೈದು ಮಕ್ಕಳು. ಹದಿನೈದು ಮಕ್ಕಳೆಂದರೆ ಒಂದು ಸೆಕ್ಷನ್ನು, ಎಂಟು ಗಂಟೆ. ಅದಕ್ಕೆ ಗೆಸ್ಟು ಸಾಕು.

“ಮೂವತ್ತು ದಾಟಿದ್ರೆ ಹದಿನಾರು ಗಂಟೆ ಆಗುತ್ತೆ,” ಎಂದರು. “ಮೇಡಂ ಎರಡು ಗಂಟೆಗೆ ಮೂವತ್ತೊಂದು ಅಂತ ಕಂಪ್ಯೂಟರಿಗೆ ಏರಿಸಿದ್ರು. ನಾನು ಮರದ ಕೆಳಗೆ ಕೂತಿದ್ನಲ್ಲ, ಆಗ ಫೋನಲ್ಲಿ ಹುಣಸೇತೋಪು ಗೇಟಲ್ಲಿ ಒಂದು ಪೋಸ್ಟ್ ಖಾಲಿ ಅಂತ ಬಂತು. ಎಳನೀರು ಕುಡೀತಾ ಒತ್ಬಿಟ್ಟೆ.”

ಬೈರೇಶ ಪಟ್ಟಿಯನ್ನು ನೋಡಿದ. ಹದಿನೈದನೆಯ ಹೆಸರು ಪ್ರಿಯಾಂಕನದು. ಅವಳ ಕೆಳಗೆ ಇಪ್ಪತ್ತೆಂಟು ಹೆಸರು ಅವನದೇ ಅಂದವಾದ ಅಕ್ಷರದಲ್ಲಿ ಸಾಲಾಗಿ ನಿಂತಿದ್ದವು.

“ಬೇಜಾರ್ ಮಾಡ್ಕೋಬೇಡಿ,” ಎಂದರು ಅಮರನಾರಾಯಣ. ಅವರ ಕಣ್ಣಿನಲ್ಲಿ ನಿಜವಾದ ಮೆಚ್ಚುಗೆ ಇತ್ತು. “ಮೂವತ್ತು ವರ್ಷ ಪಾಠ ಮಾಡಿದೀನಿ, ಇಂಥ ಪಾಠ ನನ್ ಕೈಲಿ ಆಗಿಲ್ಲ. ಈ ಮಕ್ಕಳು ನಾಳೆ ನನ್ನಿಂದಾನೂ ಇದನ್ನೇ ಕೇಳ್ತಾರೆ. ನಿಮ್ಮ ನೋಟ್ಸ್ ಏನಾದ್ರೂ ಇದ್ರೆ ಕೊಟ್ಟು ಹೋಗ್ತೀರಾ?”

ಬೈರೇಶ ಕೊಟ್ಟು ಬಂದ.

ಗೇಟಿನ ಹತ್ತಿರ ಬಸ್ಸಿಗೆ ಕಾಯುವಾಗ ಪ್ರಿಯಾಂಕ ಪಕ್ಕದಲ್ಲಿ ಬಂದು ನಿಂತಳು. ಇಳಿಬಿಸಿಲು ತೆಂಗಿನ ತೋಟಗಳ ಮೇಲೆ ತುಪ್ಪದಂತೆ ಹರಡಿತ್ತು. ಮನೆಗೆ ಫೋನು ಮಾಡಿ ವಾಣಿಜ್ಯ ಬಿಟ್ಟೆ ಎಂದು ಹೇಳಿದಳಂತೆ, ಅಪ್ಪ ಕೂಗಾಡಿದರಂತೆ, ಆದರೂ ಅವಳಿಗೆ ಬೇಸರವಿಲ್ಲವಂತೆ. ಒಂದು ದಿನಕ್ಕೇ ಇಷ್ಟು ಕಂಡರೆ ಮೂರು ವರ್ಷದಲ್ಲಿ ಏನೆಲ್ಲ ಕಾಣಬಹುದು ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಬೈರೇಶ ಬ್ಯಾಗಿನಿಂದ ಇಣುಕುತ್ತಿದ್ದ ಟವಲಿನ ತುದಿಯನ್ನು ಒಳಕ್ಕೆ ತುರುಕಿದ.

“ನಾಳೆ ಯಾವ್ ಪಾಠ ಸಾರ್?” ಎಂದಳು.

“ಸಾಮಾಜಿಕ ಚಲನೆ.”

“ಅಂದ್ರೆ?”

“ಇರೋ ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗೋದಮ್ಮ.”

“ಮೇಲಕ್ಕಾ ಸಾರ್, ಕೆಳಕ್ಕಾ?”

ಬಸ್ಸು ಬಂತು. ಕೂರಲು ಜಾಗ ಇರಲಿಲ್ಲ, ನಿಲ್ಲಲೂ ಇರಲಿಲ್ಲ. ಬೈರೇಶ ಒಂದು ಕಾಲಿಗಷ್ಟೇ ಮೆಟ್ಟಿಲು ಸಂಪಾದಿಸಿ, ಕಂಬಿ ಹಿಡಿದು ಹೊರಗೆ ಜೋತುಬಿದ್ದ. ಬಸ್ಸು ಹೊರಟಿತು.

“ಅಡ್ಡಕ್ಕೂ ಹೋಗ್ಬೋದು ಕಣಮ್ಮ,” ಎಂದು ಅಲ್ಲಿಂದಲೇ ಕೂಗಿ ಹೇಳಿದ. “ಅದೂ ಸಿಲಬಸ್ಸಲ್ಲಿದೆ.”